ಮೈಸೂರಿಗಾಗಿ ಲಂಡನ್ನಿನಲ್ಲಿ ಮುದ್ರಣಗೊಂಡ ಹಾಡು

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಜೋಗಕ್ಕೆ ‘ಗೇರುಸೊಪ್ಪ ಜಲಪಾತ’ ಎಂದೇ ಹೆಸರು. ಘಟ್ಟದ ಬುಡದಲ್ಲಿರುವ ಗೇರುಸೊಪ್ಪದ ಮಕ್ಕಳಿಗೆ ಶರಾವತಿ ಎಂದೊಡನೆ ನೆನಪಾಗುವುದು ವಿದ್ಯುತ್ತು. 1940ರ ದಶಕದ ಕೊನೆಯಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದಾಗ ಮೈಸೂರಿನ ಮಹಾರಾಜರಾಗಿದ್ದವರು ಜಯಚಾಮರಾಜ ಒಡೆಯರ್. ಅದೇ ದಿನಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನಮ್ಮಲ್ಲಿ ಅನೇಕರಿಗೆ ತಿಳಿಯದು. ಯುರೋಪಿನ ಕೆಲವು ಶ್ರೇಷ್ಠ ಹಾಡುಗಳು ಧ್ವನಿಮುದ್ರಿಕೆಯಲ್ಲಿ ಉಳಿದುಬರಲು ಅವರ ನೆರವೇ ಕಾರಣ.

ಹೊನ್ನಾವರ, ಕುಮಟಾ ಕಡೆಯ ಇಗರ್ಜಿಗಳಲ್ಲಿ ಕ್ರಿಸ್‌ಮಸ್ ಹಾಡು ಕೇಳಿದವರಿಗೆ ವೃಂದಗಾನದ ಪರಿಚಯವಿದೆ. ಪಾಪ್ ಸಂಗೀತವಂತೂ ಮಕ್ಕಳ ನಾಲಿಗೆಯ ಮೇಲೇ ಇರುತ್ತದೆ. ಇವೆರಡರ ನಡುವೆ ಇನ್ನೊಂದು ಬಗೆಯುಂಟು. ದೊಡ್ಡ ವಾದ್ಯವೃಂದದ ಮುಂದೆ ನಿಂತು ಮೈಕಿನ ಸಹಾಯವಿಲ್ಲದೆ ಒಬ್ಬರೇ ಹಾಡುವುದು. ಒಡೆಯರ್ ಅವರಿಗೆ ಇದು ಪ್ರಿಯವಾಗಿತ್ತು. ಪಿಯಾನೊ ಕಲಿತಿದ್ದ ಅವರು ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನೂ ರಚಿಸಿದರು. ಅವರ ಸಂಗ್ರಹದಲ್ಲಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವು ಎಂದು ಅಂದಾಜು.

ರಷ್ಯದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ನೆಲೆಸಿದ್ದ ವೃದ್ಧ ಸಂಗೀತಕಾರ. ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಲು ಒಡೆಯರ್ ಹಣ ಒದಗಿಸಿದರು. ಅದಕ್ಕೆಂದೇ ‘ಮೆಟ್ನರ್ ಸೊಸೈಟಿ’ ಹುಟ್ಟಿತು. 1950ರಲ್ಲಿ ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಆತನ ಹಾಡುಗಳನ್ನು ಹಾಡಿದರೆ, ಪಿಯಾನೊ ನುಡಿಸಿದವನು ಸ್ವತಃ ಮೆಟ್ನರ್. ಮರುವರ್ಷವೇ ಆತ ತೀರಿಕೊಂಡ. ಒಂದೇ ವರ್ಷ ತಡವಾಗಿದ್ದರೆ?

ಕಡೆಯ ನಾಲ್ಕು ಹಾಡುಗಳು

ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತನ್ನ 84ನೆಯ ವಯಸ್ಸಿನಲ್ಲಿ, ಬಾಳಿನ ಮುಸ್ಸಂಜೆಯನ್ನು ಕುರಿತ ನಾಲ್ಕು ಹಾಡುಗಳಿಗೆ ಸಂಗೀತ ಬರೆದ. ವೇದಿಕೆಯಲ್ಲಿ ಅವನ್ನು ಕೇಳುವ ಮೊದಲೇ, 1949ರಲ್ಲಿ, ಕಣ್ಮುಚ್ಚಿದ. ಅವು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಕಾರ್ಯಕ್ರಮಕ್ಕೆ 4,800 ಡಾಲರ್‌ಗಳ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಹಾಡನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಏರ್ಪಾಡು.

ಆ ದಿನ ಬಳಸಿದ್ದು ‘ಅಸಿಟೇಟ್’ ತಟ್ಟೆ. ಅಲ್ಯೂಮಿನಿಯಂ ತಟ್ಟೆಗೆ ಮೆತ್ತನೆಯ ಮೆರುಗೆಣ್ಣೆಯ ಲೇಪ. ಅದರ ಮೇಲೆ ಸೂಜಿ ಸ್ವರದ ಕಂಪನಕ್ಕೆ ತಕ್ಕಂತೆ ಗೀರು ಕೊರೆಯುತ್ತದೆ. ಲೇಪ ಮೆತ್ತಗಿರುವುದರಿಂದ ಪ್ರತಿಸಲ ನುಡಿಸಿದಾಗಲೂ ಗೀರು ಸವೆಯುತ್ತದೆ. ತಾರಸ್ವರದ ಅಂಕುಡೊಂಕುಗಳು ಅತಿ ಸೂಕ್ಷ್ಮವಾದ್ದರಿಂದ ಮೊದಲು ಅಳಿಸಿಹೋಗುವುದು ಅವೇ. ಅಂದರೆ ಕೇಳಿದಷ್ಟೂ ಹಾಡು ಕರಗುತ್ತದೆ! ಆ ತಟ್ಟೆಗಳೂ ಬಹಳ ಸವೆದವು. ಕಂಪ್ಯೂಟರ್ ತಂತ್ರದಿಂದ 2007ರಲ್ಲಿ, ಮತ್ತೆ 2014ರಲ್ಲಿ, ಅವನ್ನು ಸಾಧ್ಯವಾದಷ್ಟು ಸರಿಪಡಿಸಲಾಯಿತು. ಆ ಸಂಜೆಯ ದನಿ ಇಂದಿಗೂ ಕೇಳಸಿಗುತ್ತದೆ.

ನಮ್ಮ ಮನೆಯ ಹಾಡು

ಹಾಡು ಉಳಿಯಲು ಹಾಡುವವರಷ್ಟೇ ಸಾಲದು, ಉಳಿಸಬೇಕೆನ್ನುವ ಕೇಳುಗರೂ ಬೇಕು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರದಂತಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡ 2025ರಲ್ಲಿ ತೀರಿಕೊಂಡರು. ಅಂಥ ಹಾಡು ಬಲ್ಲ ಅಜ್ಜಿಯರು, ಯಕ್ಷಗಾನದ ಪದ ಬಲ್ಲ ಅಜ್ಜಂದಿರು ಊರೂರಿನಲ್ಲಿದ್ದಾರೆ. ಅವರ ಹಾಡು ಮುದ್ರಿಸಿಕೊಳ್ಳಲು ಈಗ ರಾಜನ ಬೊಕ್ಕಸ ಬೇಕಿಲ್ಲ, ಅಪ್ಪನ ಮೊಬೈಲು ಸಾಕು. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಟ್ಟು ಎರಡು ಕಡೆ ಪ್ರತಿ ಇಡಬೇಕು, ಅಷ್ಟೆ. ಈ ರಜೆಯಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?