ಅಮ್ಮನ ಈಳಿಗೆಮಣೆ, ನನ್ನ ಬಟನ್ ಚಾಕು

ಊರಿನಿಂದ ನೋಯ್ಡಾಕ್ಕೆ ಬಂದ ಅಮ್ಮ ಈಳಿಗೆಮಣೆ ತಂದಿದ್ದರು. ನೋಡಿದ ಪಕ್ಕದ ಮನೆಯವರು ‘ಇದಕ್ಕೆ ಲೈಸೆನ್ಸ್ ಬೇಡವೇ?’ ಎಂದರು. ಬೇಡ. 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಆಯುಧವೇ; ಆದರೆ ಮನೆಬಳಕೆಗೆ, ಬೇಸಾಯಕ್ಕೆಂದು ಮಾಡಿದ್ದಕ್ಕೆ ವಿನಾಯಿತಿಯಿದೆ.

ತೊಂದರೆ ಇದ್ದದ್ದು ನನ್ನ ಆಫೀಸ್ ಬ್ಯಾಗಿನ ಪುಟ್ಟ ಬಟನ್ ಚಾಕುವಿನಲ್ಲಿ. ಗಡಿ ದಾಟಿ ದೆಹಲಿಗೆ ಕಾಲಿಟ್ಟರೆ 1980ರ ಅಧಿಸೂಚನೆ ಅನ್ವಯ: ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದ ಇಂಥ ಚಾಕುಗಳನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರಾಟಕ್ಕೆ ಇಟ್ಟುಕೊಳ್ಳುವಂತಿಲ್ಲ. ‘ನಾನು ಮಾರುವವನಲ್ಲ’ ಎಂಬ ವಾದ ಕೋರ್ಟಿನಲ್ಲಿ ನಿಲ್ಲಬಹುದು. ಅಲ್ಲಿಯವರೆಗೆ ಅಲೆಯುವವನು ನಾನೇ ತಾನೆ?

ಅಳೆದು ನೋಡಿದೆ. 8 ಸೆಂ.ಮೀ. ಇತ್ತು. ಬ್ಯಾಗಿನಿಂದ ತೆಗೆದಿಟ್ಟೆ.

‘ಬದನೆಕಾಯಿ ಹೆಚ್ಚೋಕೂ ಬಾರದ್ದು, ಯಾಕೋ ಬೇಕಿತ್ತು ನಿನಗೆ?’ ಎಂದರು ಅಮ್ಮ.