ಕೈಗೆಟುಕದ ತುಕ್ಕು

ಮಳೆಗಾಲ ಕಳೆದ ಮೇಲೆ ಮನೆಯ ಹತಾರದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಸುತ್ತಿಗೆಯ ತಲೆ, ಉಳಿಯ ಅಲಗು, ಗರಗಸದ ಮೈ ಇವುಗಳ ಮೇಲೆ ಕೆಂಗಂದು ಬಣ್ಣದ ತುಕ್ಕು ಅಲ್ಲಲ್ಲಿ ಕಾಣುವುದುಂಟು. ಉಪ್ಪುಕಾಗದದಿಂದ ಉಜ್ಜಿ ಎಣ್ಣೆ ಸವರಿದರೆ ಇದು ಹೊರಟುಹೋಗುತ್ತದೆ. ಆದರೆ ಇಕ್ಕಳದ ಕೀಲು, ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರಿನ ತಿರುಪು, ಬೈರಿಗೆಯ ಅಲಗನ್ನು ಕಚ್ಚಿ ಹಿಡಿಯುವ ಸಣ್ಣ ದವಡೆಗಳು ಇವುಗಳ ವಿಷಯ ಹಾಗಲ್ಲ. ಇವು ಅಲುಗದೆ ಬಿಗಿದು ಕುಳಿತಿರುತ್ತವೆ. ಉಪ್ಪುಕಾಗದ ಅಲ್ಲಿಗೆ ಹೋಗಲಾರದು. ತಂತಿಬ್ರಷ್ಷಿನ ಎಳೆಯೂ ತಲುಪಲಾರದು. ಬಲವಂತವಾಗಿ ತಿರುಗಿಸಿದರೆ ಮುರಿದೇ ಹೋದೀತು. ಹೀಗಾಗಿ ಎಷ್ಟೋ ಒಳ್ಳೆಯ ಉಪಕರಣಗಳು ಗುಜರಿಯ ಪಾಲಾಗುತ್ತವೆ. ಇವುಗಳಲ್ಲಿ ಹಲವನ್ನು ಅಡುಗೆಮನೆಯ ಸಾಮಗ್ರಿಯಿಂದಲೇ ಉಳಿಸಿಕೊಳ್ಳಲು ಸಾಧ್ಯ. ಅದಕ್ಕೆ ಮೊದಲು ತುಕ್ಕಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ.

ತುಕ್ಕು ಮರೆಯನ್ನೇ ಏಕೆ ಹುಡುಕುತ್ತದೆ?

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರು ಮತ್ತು ಆಮ್ಲಜನಕ ಎರಡೂ ಬೇಕೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಹಾಗಾದರೆ ಗಾಳಿ ಧಾರಾಳವಾಗಿ ತಗಲುವ ಹೊರಮೈಯೇ ಹೆಚ್ಚಾಗಿ ಸವೆಯಬೇಕಲ್ಲವೆ? ಗಾಳಿ ನುಸುಳುವುದೇ ಕಷ್ಟವಾದ ಸಂದುಗಳಲ್ಲಿ ತುಕ್ಕು ಇಷ್ಟು ಆಳವಾಗಿ ಏಕೆ ತಿನ್ನುತ್ತದೆ?

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಯು. ಆರ್. ಇವಾನ್ಸ್ (೧೮೮೯–೧೯೮೦) ಎಂಬ ವಿಜ್ಞಾನಿಯ ಒಂದು ಸರಳ ಪ್ರಯೋಗದಿಂದ ಇದಕ್ಕೆ ಉತ್ತರ ದೊರೆಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವೂ ಇದನ್ನು ಮಾಡಿ ನೋಡಬಹುದು. ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿಯನ್ನಿಡಬೇಕು. ಆ ನೀರಿನಲ್ಲಿ ಮೊದಲೇ ಸ್ವಲ್ಪ ಪೊಟ್ಯಾಸಿಯಮ್ ಫೆರಿಸಯನೈಡನ್ನೂ ಫೀನಾಲ್ಫ್ತಲೀನನ್ನೂ ಬೆರೆಸಿರಬೇಕು. ಕೆಲಕಾಲದಲ್ಲಿ ಹನಿಯ ನಡುಭಾಗ ನೀಲಿಯಾಗುತ್ತದೆ. ಅಂಚು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಬಣ್ಣವು ಕಬ್ಬಿಣ ಅಲ್ಲಿ ಅಯಾನುಗಳಾಗಿ ಕರಗುತ್ತಿದೆ ಎಂಬುದರ ಗುರುತು. ಗುಲಾಬಿ ಬಣ್ಣವು ಅಂಚಿನಲ್ಲಿ ಕ್ಷಾರ ಉಂಟಾಗುತ್ತಿದೆ ಎಂಬುದರ ಗುರುತು. ಮತ್ತಷ್ಟು ಹೊತ್ತು ಬಿಟ್ಟರೆ ಇವೆರಡರ ಮಧ್ಯೆ ತುಕ್ಕಿನ ಬಳೆಯೊಂದು ಮೂಡುತ್ತದೆ.

ಇದರ ಅರ್ಥವೇನು? ಹನಿಯ ಅಂಚು ತೆಳು. ಅಲ್ಲಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸೇರುತ್ತದೆ. ನಡುಭಾಗದಲ್ಲಿ ಅದರ ಕೊರತೆ. ಈ ವ್ಯತ್ಯಾಸದಿಂದಲೇ ಹನಿಯು ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಆಮ್ಲಜನಕ ಕಡಮೆಯಿರುವ ಕಡೆ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಸಾಗಿ, ಆಮ್ಲಜನಕ ಹೆಚ್ಚಾಗಿರುವ ಅಂಚಿನಲ್ಲಿ ವ್ಯಯವಾಗುತ್ತವೆ.

ಸ್ಪ್ಯಾನರಿನ ತಿರುಪಿನಲ್ಲಿಯೂ ಇಕ್ಕಳದ ಕೀಲಿನಲ್ಲಿಯೂ ನಡೆಯುವುದು ಇದೇ. ಸಂದಿಗೆ ಸೇರಿದ ನೀರು ಬೇಗ ಆರುವುದಿಲ್ಲ. ಸಂದಿನ ಬಾಯಲ್ಲಿ ಆಮ್ಲಜನಕವಿರುತ್ತದೆ, ಒಳಗೆ ಇರುವುದಿಲ್ಲ. ಆದುದರಿಂದ ಕಬ್ಬಿಣ ಸವೆಯುವುದು ಒಳಗೇ. ಅಷ್ಟೇ ಅಲ್ಲ, ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಇಕ್ಕಟ್ಟಾದ ಸಂದಿನಲ್ಲಿ ಅದು ಬೆಣೆ ಹೊಡೆದಂತೆ ಕುಳಿತು ಚಲಿಸುವ ಭಾಗಗಳನ್ನು ಬಿಗಿದುಬಿಡುತ್ತದೆ. ಕೈಗೆ ಎಟುಕದ ಸ್ಥಳವೇ ಹೆಚ್ಚಿನ ಅಪಾಯದ ಸ್ಥಳವೆಂದ ಮೇಲೆ, ಅಲ್ಲಿಗೆ ಹೋಗಬಲ್ಲ ಬೇರೊಂದು ಸಾಧನವನ್ನು ನಾವು ಹುಡುಕಬೇಕು. ಆ ಸಾಧನವೇ ದ್ರವ. ನೀರು ನುಗ್ಗಿದ ದಾರಿಯಲ್ಲಿಯೇ ಔಷಧವೂ ನುಗ್ಗಬಲ್ಲದು.

ಹುಳಿಯ ಕೆಲಸ

ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ಲೋಹದ ಆಕ್ಸೈಡು ಆಮ್ಲದಲ್ಲಿ ಕರಗುತ್ತದೆಂಬುದೇ ಇದರ ತತ್ತ್ವ. ತುಕ್ಕು ಸಹ ಮುಖ್ಯವಾಗಿ ನೀರಿನಿಂದ ಕೂಡಿದ ಕಬ್ಬಿಣದ ಆಕ್ಸೈಡೇ ಆದುದರಿಂದ ಅದೇ ಉಪಾಯ ಇಲ್ಲಿಯೂ ಸಲ್ಲುತ್ತದೆ. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲ ಈ ಕೆಲಸಕ್ಕೆ ಬಹು ಅನುಕೂಲ. ಹರಳಿನ ರೂಪದಲ್ಲಿ ಇದು ಅಂಗಡಿಗಳಲ್ಲಿ ದೊರೆಯುತ್ತದೆ. ಇದರ ಅಯಾನು ಕರಗಿದ ಕಬ್ಬಿಣವನ್ನು ಏಡಿಯು ಕೊಂಡಿಯಲ್ಲಿ ಹಿಡಿದಂತೆ ಹಲವು ಕಡೆಯಿಂದ ಹಿಡಿದುಕೊಂಡು, ಮತ್ತೆ ಗಟ್ಟಿಯಾಗಿ ಕೂಡದಂತೆ ದ್ರಾವಣದಲ್ಲಿಯೇ ಇರಿಸುತ್ತದೆ. ಸಿಟ್ರಿಕ್ ಆಮ್ಲ ಸಿಗದಿದ್ದರೆ ವಿನಿಗರ್ ಆಗಬಹುದು; ಅದು ನಿಧಾನ.

ಕೆಲಸದ ಕ್ರಮ ಹೀಗಿದೆ. ಬಿಚ್ಚಬಹುದಾದ ಭಾಗಗಳನ್ನೆಲ್ಲ ಮೊದಲು ಬಿಚ್ಚಬೇಕು. ಎಣ್ಣೆ ಜಿಡ್ಡಿದ್ದರೆ ಹುಳಿನೀರು ಲೋಹಕ್ಕೆ ಅಂಟುವುದಿಲ್ಲ. ಸಾಬೂನಿನ ಬಿಸಿನೀರಿನಲ್ಲಿ ತೊಳೆಯಬೇಕು. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಒಂದು ಲೀಟರು ಬೆಚ್ಚನೆಯ ನೀರಿಗೆ ೫೦ ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ, ಭಾಗಗಳನ್ನು ಪೂರ್ತಿ ಮುಳುಗಿಸಬೇಕು. ಅಲ್ಯೂಮಿನಿಯಮ್ ಪಾತ್ರೆಯನ್ನಾಗಲಿ ಸತುವಿನ ಲೇಪವಿರುವ ಬಕೆಟ್ಟನ್ನಾಗಲಿ ಬಳಸಬಾರದು. ಆಮ್ಲ ಅವನ್ನೇ ತಿನ್ನುತ್ತದೆ.

ಇಲ್ಲಿ ಹಲವರು ಮರೆಯುವ ಒಂದು ವಿಷಯವಿದೆ. ಸಣ್ಣ ತೂತುಗಳಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ದ್ರವ ಒಳಗೆ ಹೋಗುವುದೇ ಇಲ್ಲ. ಆದುದರಿಂದ ತೂತಿನ ಬಾಯಿ ಮೇಲೆ ಬರುವಂತೆ ಇಟ್ಟು, ಸೂಜಿ ತೆಗೆದ ಪಿಚಕಾರಿಯಿಂದ ದ್ರಾವಣವನ್ನು ಸಂದಿಗೆ ತಳ್ಳಬೇಕು. ಅರ್ಧ ಗಂಟೆಗೊಮ್ಮೆ ಭಾಗಗಳನ್ನು ಅಲುಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ತಿರುಪಿನ ಗೆರೆಗಳ ನಡುವೆ ಒರಟು ದಾರವನ್ನು ಸುತ್ತಿ ಎಳೆದರೆ ಸಡಿಲವಾದ ತುಕ್ಕು ಹೊರಬರುತ್ತದೆ. ತೆಳುವಾದ ತುಕ್ಕು ಒಂದೆರಡು ಗಂಟೆಯಲ್ಲಿ ಬಿಡಬಹುದು; ದಪ್ಪವಾದುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

ಎಲ್ಲಿ ನಿಲ್ಲಿಸಬೇಕು?

ಆಮ್ಲಕ್ಕೆ ತುಕ್ಕೂ ಒಂದೇ, ಕಬ್ಬಿಣವೂ ಒಂದೇ. ತುಕ್ಕು ಮುಗಿದ ಕೂಡಲೆ ಅದು ಉಕ್ಕನ್ನೇ ತಿನ್ನಲು ತೊಡಗುತ್ತದೆ. ಆಗ ಜಲಜನಕದ ಸಣ್ಣ ಗುಳ್ಳೆಗಳು ಏಳುತ್ತವೆ. ಶುದ್ಧವಾದ ಉಕ್ಕಿನ ಮೈಯಿಂದ ಒಂದೇ ಸಮನೆ ಗುಳ್ಳೆಗಳು ಬರುತ್ತಿದ್ದರೆ ಹೊರತೆಗೆಯುವ ಕಾಲ ಬಂದಿತೆಂದು ತಿಳಿಯಬೇಕು. ಈ ಜಲಜನಕದ ಒಂದಂಶ ಲೋಹದೊಳಕ್ಕೂ ಇಳಿಯುತ್ತದೆ. ಮೆದು ಉಕ್ಕಿಗೆ ಇದರಿಂದ ಹೆಚ್ಚು ಬಾಧಕವಿಲ್ಲ. ಆದರೆ ಸ್ಪ್ರಿಂಗಿನಂಥ ಗಡಸು ಉಕ್ಕು ಪೆಡಸಾಗಿ ಬಿರಿಯಬಹುದು. ಇಕ್ಕಳದ ಸ್ಪ್ರಿಂಗೊಂದನ್ನು ನಾವೊಮ್ಮೆ ವಿನಿಗರಿನಲ್ಲಿ ಹಾಕಿ ಎರಡು ದಿನ ಮರೆತಿದ್ದೆವು. ತೆಗೆದಾಗ ಅದು ಬೆಳ್ಳಗೆ ಶುಭ್ರವಾಗಿಯೇ ಇತ್ತು. ಜೋಡಿಸಿ ಮೊದಲ ಸಲ ಅದುಮಿದಾಗ ಎರಡು ತುಂಡಾಯಿತು. ಸ್ಪ್ರಿಂಗುಗಳನ್ನು ಆಮ್ಲದಲ್ಲಿ ಹಾಕದೆ, ತೆಳುವಾದ ಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ತಿಕ್ಕುವುದೇ ಲೇಸು.

ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆಂದು ಅದನ್ನು ಬಳಸುವವರುಂಟು. ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಅದರ ಆವಿ ಕೋಣೆಯಲ್ಲಿರುವ ಇತರ ಉಪಕರಣಗಳಿಗೂ ತುಕ್ಕು ಹಿಡಿಸುತ್ತದೆ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಬೆರೆಸಲೇಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಬಟ್ಟೆ ಸೋಡದ ನೀರಿನಲ್ಲಿ ವಿದ್ಯುತ್ತನ್ನು ಹರಿಸಿ ತುಕ್ಕು ತೆಗೆಯುವ ವಿಧಾನವೊಂದುಂಟು. ಉಪಕರಣವನ್ನು ಋಣಾಗ್ರಕ್ಕೂ ಕಬ್ಬಿಣದ ಬೇರೊಂದು ತುಂಡನ್ನು ಧನಾಗ್ರಕ್ಕೂ ಸೇರಿಸುತ್ತಾರೆ. ದೊಡ್ಡ ವಸ್ತುಗಳಿಗೆ ಇದು ಉತ್ತಮ. ಆದರೆ ವಿದ್ಯುತ್ಪ್ರವಾಹವು ಧನಾಗ್ರಕ್ಕೆ ಎದುರಾದ ಮೈಯನ್ನೇ ಹೆಚ್ಚಾಗಿ ಸೇರುತ್ತದೆ. ಆಳವಾದ ತೂತಿನೊಳಗೆ ಅದರ ಪ್ರಭಾವ ಅತ್ಯಲ್ಪ. ನಮ್ಮ ಪ್ರಸ್ತುತ ಕೆಲಸಕ್ಕೆ ಹುಳಿಯೇ ಮೇಲು.

ಕೊನೆಯ ಹತ್ತು ನಿಮಿಷ

ಆಮ್ಲದಿಂದ ತೆಗೆದ ಉಕ್ಕಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಒದ್ದೆಯಾಗಿ ಬಿಟ್ಟರೆ ನೋಡುನೋಡುತ್ತಿದ್ದಂತೆಯೇ ಕಂದುಬಣ್ಣ ಮತ್ತೆ ಮೂಡುತ್ತದೆ. ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಆದುದರಿಂದ ಬೇಕಾದುದನ್ನೆಲ್ಲ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ಭಾಗಗಳನ್ನು ನೀರಿನಲ್ಲಿ ತೊಳೆದು, ಒಂದು ಚಮಚ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಅದ್ದಿ ಆಡಿಸಿದರೆ ಸಂದುಗಳಲ್ಲಿ ಉಳಿದ ಆಮ್ಲ ಶಮನವಾಗುತ್ತದೆ. ಮೇಲೆ ಕಪ್ಪು ಮಸಿ ಕಂಡರೆ ಬಟ್ಟೆಯಿಂದ ಒರಸಬೇಕು. ಅನಂತರ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷವಿಟ್ಟು ಇಕ್ಕಳದಿಂದ ತೆಗೆದರೆ, ಲೋಹದ ಕಾವಿನಿಂದಲೇ ಒಳಗಿನ ನೀರು ಬೇಗ ಆರುತ್ತದೆ. ಇನ್ನೂ ಬೆಚ್ಚಗಿರುವಾಗಲೇ ಹೊಲಿಗೆಯಂತ್ರದ ಎಣ್ಣೆಯನ್ನು ಸಂದಿಗೆ ಬಿಟ್ಟು, ಕೀಲನ್ನು ಹಲವು ಸಲ ಆಡಿಸಬೇಕು. ತೆಳುವಾದ ಎಣ್ಣೆ ನೀರು ಹೋದ ದಾರಿಯಲ್ಲಿಯೇ ಹೋಗಿ, ನೀರು ಮತ್ತೆ ಬಾರದಂತೆ ಆ ಜಾಗವನ್ನು ತುಂಬುತ್ತದೆ.

ತುಕ್ಕನ್ನು ಕರಗಿಸಿದ ಮಾತ್ರಕ್ಕೆ ಕಳೆದುಹೋದ ಕಬ್ಬಿಣ ಮರಳಿ ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ಆಳವಾಗಿ ಕುಳಿಬಿದ್ದ ಸ್ಪ್ಯಾನರನ್ನು ಎಷ್ಟು ಹೊಳೆಯುವಂತೆ ಮಾಡಿದರೂ ಅದರ ಮೇಲೆ ಪೂರ್ಣ ಬಲ ಹಾಕುವುದು ಸುರಕ್ಷಿತವಲ್ಲ. ಆದುದರಿಂದ ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುಂಚೆ ಒಂದು ದಿನ ತಮ್ಮ ಮನೆಯ ಹತಾರದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಪ್ರತಿಯೊಂದು ಕೀಲಿಗೂ ತಿರುಪಿಗೂ ಒಂದೊಂದು ತೊಟ್ಟು ಎಣ್ಣೆ ಬಿಡುವ ಅಭ್ಯಾಸ ಮಾಡಿಕೊಂಡರೆ, ಮೇಲೆ ಹೇಳಿದ ಚಿಕಿತ್ಸೆಯ ಅಗತ್ಯವೇ ಬಹುಮಟ್ಟಿಗೆ ಬೀಳಲಾರದು.