ಮೀನು ತಪ್ಪಿಸಿಕೊಳ್ಳದ ಈಟಿ
ಡರ್ಹಮ್: ಇಲ್ಲಿಂದ ಕಾರಿನಲ್ಲಿ ಸುಮಾರು ಮೂರು ತಾಸು ಹೋದರೆ ಬೋಫರ್ಟ್ ಕಡಲತೀರ. ಆ ಕಡಲಲ್ಲಿ ಮುಳುಗಿ ಈಟಿಯಿಂದ ಮೀನು ಹಿಡಿಯುವವರ ಚಿಂತೆ ಒಂದೇ: ಗಾಯಗೊಂಡು ತಪ್ಪಿಸಿಕೊಂಡ ಮೀನು ಯಾರ ಅಡುಗೆಮನೆಗೂ ಸೇರದೆ ಸಾಯುತ್ತದೆ. ಮೀನು ಹೊರಳಾಡಿದಂತೆ ಉದ್ದನೆಯ ಸರಳೇ ಸನ್ನೆಗೋಲಾಗಿ ಗಾಯ ಹಿಗ್ಗಿಸುತ್ತದೆ.

ಕಳಚುವ ಮೊನೆ ಹಾಗಲ್ಲ. ಮೈ ದಾಟಿದೊಡನೆ ಸರಳಿನಿಂದ ಬಿಟ್ಟು, ತಂತಿಯ ಎಳೆತಕ್ಕೆ ಅಂಗಿಯ ಗುಂಡಿಯಂತೆ ಅಡ್ಡ ನಿಲ್ಲುತ್ತದೆ. ಗುಟ್ಟೆಲ್ಲ ತಂತಿ ಕಟ್ಟುವ ಜಾಗದಲ್ಲಿದೆ. ಮೊನೆಯ ಬಾಲಕ್ಕೆ ಕಟ್ಟಿದರೆ ಬಂದ ದಾರಿಯಲ್ಲೇ ಜಾರಿಬಿಡುತ್ತದೆ, ನಡುವಿಗೇ ಕಟ್ಟಬೇಕು.

ಆರ್ಕ್ಟಿಕ್‌ನ ಇನ್ಯೂಟ್ ಜನ ಇದನ್ನು ಎಂದೋ ಅರಿತಿದ್ದರು. ನೆರೆಯ ವರ್ಜೀನಿಯಾದಲ್ಲಿ ಹುಟ್ಟಿದ ಕಪ್ಪು ಕಮ್ಮಾರ ಲೂಯಿಸ್ ಟೆಂಪಲ್ 1848ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ತಿಮಿಂಗಿಲ ಬೇಟೆಗೆ ತಿರುಗುವ ಕಬ್ಬಿಣದ ಮೊನೆ ಮಾಡಿಕೊಟ್ಟರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಉಳಿದ ಕಮ್ಮಾರರು ಅದನ್ನೇ ಬಡಿದು ಮಾರಿದರು.